ಗಾಡಿಯ ಮೈಮೇಲಿನ ಹೆಸರುಗಳು

ಬೆಂಗಳೂರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಓದುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಮುಂದಿನ ಆಟೋದ ಬೆನ್ನ ಮೇಲೆ ಶಂಕರನಾಗ್ ಇರುತ್ತಾರೆ. ಪಕ್ಕದ ಕ್ಯಾಬಿನ ಹಿಂಗಾಜಿನಲ್ಲಿ ಅಪ್ಪು ನಗುತ್ತಿರುತ್ತಾರೆ. ಟೆಂಪೊದ ಹಿಂಬಾಗಿಲಿನ ಮೇಲೆ ಮಕ್ಕಳ ಹೆಸರು, ಮನೆದೇವರ ಹೆಸರು, ತಂದೆತಾಯಿಯ ಆಶೀರ್ವಾದ. ಇವನ್ನೆಲ್ಲ ಓದಿದ ಮೇಲೂ ನನ್ನ ಕಣ್ಣು ಇನ್ನೊಂದನ್ನು ಹುಡುಕುತ್ತಿರುತ್ತದೆ. ನೂರು ಗಾಡಿಗಳ ನಡುವೆ ಒಂದು ಹಳೆಯ ಝೆನ್ನೋ ಎಸ್ಟೀಮೋ ನೆಲಕ್ಕೆ ತಗ್ಗಿ, ಅಗಲದ ಟೈರು ಹಾಕಿಕೊಂಡು, ನಿಂತಲ್ಲೇ ಗುಡುಗುಡು ಅನ್ನುತ್ತಿದ್ದರೆ ಮುಗಿಯಿತು, ನನಗೆ ಬೇರೇನೂ ಕಾಣುವುದಿಲ್ಲ. ಅದರ ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ ಗೇಣಗಲದ ತಗಡು ಇರುತ್ತದಲ್ಲ, ಅಲ್ಲಿ ಒಂದರ ಕೆಳಗೊಂದು ಹೆಸರು ಅಂಟಿಸಿರುತ್ತಾರೆ. ಬ್ರೆಂಬೊ, ಬಿಲ್‌ಸ್ಟೈನ್, ಕೆ ಆ್ಯಂಡ್ ಎನ್, ಮೊಮೊ, ಸ್ಪಾರ್ಕೊ, ಎಚ್‌ಕೆಎಸ್. ನಾನು ಅವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಓದುತ್ತಾ ಮನಸ್ಸಿನಲ್ಲೇ ಆ ಗಾಡಿಯನ್ನು ಬಿಚ್ಚುತ್ತೇನೆ. ಬ್ರೇಕು ನಿಜವಾಗಿಯೂ ಇಟಲಿಯದೇ? ಶಾಕ್ ಅಬ್ಸಾರ್ಬರ್ ಜರ್ಮನಿಯದೇ? ಏರ್ ಫಿಲ್ಟರ್ ಬದಲಿಸಿದ್ದಾರೆಯೇ?

ಆ ಗೇಣಗಲದ ಜಾಗಕ್ಕೆ ಒಂದು ಚರಿತ್ರೆ ಇದೆ. ಅಮೆರಿಕದ ನಾಸ್ಕಾರ್ ರೇಸುಗಳಲ್ಲಿ, ಡ್ರ್ಯಾಗ್ ರೇಸುಗಳಲ್ಲಿ ಬಿಡಿಭಾಗ ಮಾಡುವ ಕಂಪನಿಗಳು ರೇಸುಗಾರರ ಮುಂದೆ ಒಂದು ಕರಾರು ಇಟ್ಟವು. ಸ್ಪಾರ್ಕ್ ಪ್ಲಗ್ಗಿನವರು, ಪಿಸ್ಟನ್ ರಿಂಗಿನವರು, ಕ್ಯಾಮ್ ಶಾಫ್ಟಿನವರು, ಆಯಿಲ್ಲಿನವರು, ಎಲ್ಲರದೂ ಒಂದೇ ಮಾತು: ನಮ್ಮ ಮಾಲು ಹಾಕಿ, ನಮ್ಮ ಸ್ಟಿಕ್ಕರು ಅಂಟಿಸಿ, ಗೆದ್ದರೆ ರೇಸಿನ ಬಹುಮಾನದ ಮೇಲೆ ನಮ್ಮದೂ ಒಂದಿಷ್ಟು ಹಣ ಸೇರುತ್ತದೆ. ಗೆದ್ದ ಗಾಡಿಯ ಮೇಲೆ ಸ್ಟಿಕ್ಕರು ಇಲ್ಲದಿದ್ದರೆ ಆ ಹಣವೂ ಇಲ್ಲ. ಹೀಗೆ ಮುಂಚಕ್ರದ ಹಿಂದಿನ ಜಾಗ ಆ ಸ್ಟಿಕ್ಕರುಗಳಿಗೆಂದೇ ಮೀಸಲಾಯಿತು. ದೊಡ್ಡ ಪ್ರಾಯೋಜಕರು ಬಾನೆಟ್ಟಿನ ಮೇಲೆ ಇದ್ದರೆ, ನಟ್ಟು ಬೋಲ್ಟು ಪೂರೈಸಿದ ಸಣ್ಣವರು ಇಲ್ಲಿ ಗುಂಪಾಗಿ ಕೂತರು. ಅಂದರೆ ಅಲ್ಲಿ ಅಂಟಿಸಿದ ಒಂದೊಂದು ಹೆಸರೂ ಒಂದು ಕರಾರುಪತ್ರ. ಅದರ ಹಿಂದೆ ದುಡ್ಡು ಇತ್ತು, ದುಡ್ಡಿಗಿಂತ ಮುಂಚೆ ಆ ವಸ್ತು ಇತ್ತು. ಕತ್ರಿಗುಪ್ಪೆಯ ಹುಡುಗ ತನ್ನ ಸ್ವಿಫ್ಟಿಗೆ ಅದೇ ಜಾಗದಲ್ಲಿ ಅದೇ ಹೆಸರುಗಳನ್ನು ಅದೇ ಅನುಕ್ರಮದಲ್ಲಿ ಅಂಟಿಸುವಾಗ ಈ ಕರಾರಿನ ಕಥೆ ಅವನಿಗೆ ಗೊತ್ತಿರಬೇಕೆಂದೇನೂ ಇಲ್ಲ. ಕಣ್ಣಿಗೆ ರೂಢಿಯಾದ ಜಾಗವನ್ನು ಕೈ ತಾನೇ ಹುಡುಕಿಕೊಂಡಿದೆ.

ಯುರೋಪಿನಲ್ಲಿ ಇಂಥ ಹೆಸರುಗಳು ಬಹಳ ಕಾಲ ಗಾಡಿಯ ಮೈಮೇಲೆ ದೊಡ್ಡದಾಗಿ ಕಾಣುತ್ತಿರಲಿಲ್ಲ. ಫಾರ್ಮುಲಾ ಒನ್ ಕಾರುಗಳಿಗೆ ಆಗ ದೇಶದ ಬಣ್ಣ. ಬ್ರಿಟನ್ನಿಗೆ ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ. 1968ರಲ್ಲಿ ಕಾಲಿನ್ ಚಾಪ್‌ಮನ್ನರ ಲೋಟಸ್ ತಂಡ ಹಸಿರು ಬಣ್ಣವನ್ನು ಬಿಟ್ಟು ಗೋಲ್ಡ್ ಲೀಫ್ ಸಿಗರೇಟು ಪ್ಯಾಕಿನ ಕೆಂಪು, ಬಿಳಿ, ಬಂಗಾರದ ಬಣ್ಣ ಬಳಿದುಕೊಂಡು ಬಂದಿತು. ಅಲ್ಲಿಂದ ಮುಂದೆ ಕಾರಿನ ಮೈ ಚದರ ಇಂಚಿನ ಲೆಕ್ಕದಲ್ಲಿ ಮಾರಾಟವಾಯಿತು. ಅಮೆರಿಕದಲ್ಲಿ ಅದೇ ದಶಕದಲ್ಲಿ ಆಂಡಿ ಗ್ರಾನಟೆಲ್ಲಿ ಎಂಬ ಹುರುಪಿನ ಮನುಷ್ಯ ಎಸ್‌ಟಿಪಿ ಎಂಬ ಎಂಜಿನ್ ಆಯಿಲ್ಲಿಗೆ ಬೆರೆಸುವ ದ್ರಾವಣದ ಕಂಪನಿ ನಡೆಸುತ್ತಿದ್ದರು. ಎಸ್‌ಟಿಪಿಯ ಅಂಡಾಕಾರದ ಕೆಂಪು ಸ್ಟಿಕ್ಕರು ರೇಸು ಕಾರಿನಿಂದ ಹಿಡಿದು ಮಕ್ಕಳ ಸೈಕಲ್ಲಿನವರೆಗೆ ಎಲ್ಲ ಕಡೆ ಹೋಯಿತು. 1969ರಲ್ಲಿ ಮಾರಿಯೊ ಆಂಡ್ರೆಟ್ಟಿ ಎಸ್‌ಟಿಪಿಯ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದಾಗ ಗ್ರಾನಟೆಲ್ಲಿ ಓಡಿ ಬಂದು ಅವರ ಕೆನ್ನೆಗೆ ಮುತ್ತಿಟ್ಟ ಚಿತ್ರ ಇಂದಿಗೂ ರೇಸು ಪುಸ್ತಕಗಳಲ್ಲಿ ಇದೆ. ಆ ದ್ರಾವಣದ ಡಬ್ಬಿಯನ್ನು ಎಂದೂ ಕೊಂಡಿರದ ಮನೆಗಳಲ್ಲೂ ಅದರ ಸ್ಟಿಕ್ಕರು ಇತ್ತು. ವಸ್ತುವಿಲ್ಲದೆ ಹೆಸರು ಮಾತ್ರ ಮನೆಮನೆಗೆ ಹೋಗಿದ್ದು ಆಗಲೇ.

ನಮ್ಮಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಕಾರಿನವರೆಗೆ ಹೋಗುವುದೂ ಬೇಡ, ಕ್ರಿಕೆಟ್ ಬ್ಯಾಟು ಸಾಕು. 1996ರ ವಿಶ್ವಕಪ್ಪಿನಲ್ಲಿ ಸಚಿನ್ ತೆಂಡೂಲ್ಕರ್ ಆಡಿದ ಬ್ಯಾಟಿನ ಮೇಲೆ ಯಾವ ಸ್ಟಿಕ್ಕರೂ ಇರಲಿಲ್ಲ. ಆಮೇಲೆ ಎಂಆರ್‌ಎಫ್ ಬಂತು. ಆ ಮೂರು ಅಕ್ಷರ ಬಂದ ಮೇಲೆ ಕರ್ನಾಟಕದ ಯಾವ ಕೇರಿಯಲ್ಲಿ ತಾನೇ ಸ್ಕೆಚ್ ಪೆನ್ನಿನಲ್ಲಿ ಎಂಆರ್‌ಎಫ್ ಬರೆಯದ ಬ್ಯಾಟು ಇತ್ತು? ತೆಂಗಿನ ಹೆಡೆಯಲ್ಲಿ ಕೆತ್ತಿದ ಬ್ಯಾಟಿಗೂ ಬರೆದವರಿದ್ದಾರೆ. ಎಂಆರ್‌ಎಫ್ ಟೈರಿನ ಕಂಪನಿ. ಇನ್ನೂ ಹಿಂದಕ್ಕೆ ಹೋದರೆ 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕೆ. ಎಂ. ಮಾಮ್ಮೆನ್ ಮಾಪ್ಪಿಳ್ಳೈ ಅವರು ಮಕ್ಕಳು ಊದುವ ಬಲೂನು ಮಾಡುವುದಕ್ಕೆ ಶುರು ಮಾಡಿದ ಚಿಕ್ಕ ಉದ್ಯಮ. ಸಚಿನ್ನರ ಬ್ಯಾಟನ್ನು ಎಂಆರ್‌ಎಫ್ ಕೆತ್ತಿರಲಿಲ್ಲ. ವಿಲೋ ಮರವನ್ನು ಆರಿಸಿ, ಒಣಗಿಸಿ, ಒತ್ತಿ, ಹಿಡಿಕೆ ಕೂಡಿಸಿದ ಕೈ ಯಾರದೋ, ಆ ಹೆಸರು ಸ್ಟಿಕ್ಕರಿನ ಅಡಿಗೆ ಹೋಯಿತು. ಕೋಟ್ಯಂತರ ಜನ ಆ ಬ್ಯಾಟನ್ನು ನೋಡಿದ್ದೇವೆ, ಅದನ್ನು ಮಾಡಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಟಿಕ್ಕರು ಅಂಟಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ, ಹಾಗೆಯೇ ಪ್ರತಿಯೊಂದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೇಡಿಯಂ ಅಂಗಡಿ ಇದ್ದೇ ಇರುತ್ತದೆ. ಅಂಗಡಿ ಅಂದರೆ ಎಷ್ಟು? ಒಂದು ಕಂಪ್ಯೂಟರು, ಒಂದು ಕಟಿಂಗ್ ಮೆಷಿನ್ನು, ಗೋಡೆಗೆ ಒರಗಿಸಿದ ಬಣ್ಣಬಣ್ಣದ ಸುರುಳಿಗಳು. ಹಿಂದೆ ಎಲ್ಲವನ್ನೂ ಬ್ಲೇಡಿನಲ್ಲಿ ಕೈಯಿಂದಲೇ ಕತ್ತರಿಸುತ್ತಿದ್ದರು. ಈಗ ಮೆಷಿನ್ನಿನ ಸಣ್ಣ ಚೂಪು ಬ್ಲೇಡು ಹಾಳೆಯ ಮೇಲ್ಪದರವನ್ನು ಮಾತ್ರ ಸೀಳುತ್ತದೆ, ಅಡಿಯ ಕಾಗದಕ್ಕೆ ಗಾಯವಾಗುವುದಿಲ್ಲ. ಮುಂದಿನದು ಕೈಕೆಲಸ. ಅಕ್ಷರದ ಹೊಟ್ಟೆಯೊಳಗಿನ ತುಣುಕುಗಳನ್ನು, ಬಿ ಅಕ್ಷರದ ಎರಡು ಗೂಡುಗಳನ್ನು, ಓ ಅಕ್ಷರದ ನಡುವಿನ ಬೊಟ್ಟನ್ನು ಸೂಜಿಯ ತುದಿಯಿಂದ ಎಬ್ಬಿಸಿ ತೆಗೆಯಬೇಕು. ಬ್ರೆಂಬೊ ಎಂದು ಇಂಗ್ಲಿಷಿನಲ್ಲಿ ಬರೆದರೆ ಎಷ್ಟು ಬೊಟ್ಟು ಎತ್ತಬೇಕು ಎಂದು ಅಂಗಡಿಯ ಹುಡುಗನಿಗೆ ಬಾಯಿಪಾಠ. ಅದರ ಮೇಲೆ ಅಂಟುಕಾಗದ ಒತ್ತಿ, ಅಕ್ಷರಗಳನ್ನು ಸಾಲು ಕೆಡದಂತೆ ಎತ್ತಿಕೊಳ್ಳುತ್ತಾನೆ. ಗಾಡಿಯ ತಗಡನ್ನು ಮೊದಲು ಒರೆಸಿ, ಸೋಪಿನ ನೀರು ಚಿಮುಕಿಸುತ್ತಾನೆ. ನೀರಿದ್ದರೆ ಸ್ಟಿಕ್ಕರು ಕೂಡಲೇ ಕಚ್ಚುವುದಿಲ್ಲ, ಅತ್ತಿತ್ತ ಜರುಗಿಸಿ ನೆಟ್ಟಗೆ ಮಾಡಬಹುದು. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ನೀರನ್ನೂ ಗಾಳಿಯನ್ನೂ ಹೊರಡಿಸುತ್ತಾನೆ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಬೆರಳಲ್ಲಿ ಒತ್ತುತ್ತಾನೆ. ಬಂಪರಿನ ಉಬ್ಬಿನ ಮೇಲಾದರೆ ಹೀಟ್ ಗನ್ನಿನ ಬಿಸಿಗಾಳಿ ಕೊಟ್ಟು ಹಾಳೆಯನ್ನು ಮೆತ್ತಗೆ ಮಾಡಿ ಎಳೆಯುತ್ತಾನೆ.

ಹಾಳೆಯಲ್ಲೂ ಜಾತಿ ಇದೆ. ಅಗ್ಗದ ಹಾಳೆಯನ್ನು ರೋಲರುಗಳ ನಡುವೆ ಒತ್ತಿ ಎಳೆದು ಮಾಡಿರುತ್ತಾರೆ. ಎಳೆದದ್ದು ತನ್ನ ಹಳೆಯ ಅಳತೆಗೆ ಮರಳಲು ನೋಡುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಚು ಕುಗ್ಗಿ ಸುತ್ತಲೂ ಗೋಂದಿನ ಕಪ್ಪುಗೆರೆ ಎದ್ದುಬಿಡುತ್ತದೆ. ಒಳ್ಳೆಯ ಹಾಳೆಯನ್ನು ದ್ರವವಾಗಿ ಹರಡಿ, ಒಣಗಿಸಿ ಮಾಡುತ್ತಾರೆ. ಅದು ತೆಳು, ಸುಮಾರು 50 ಮೈಕ್ರಾನ್, ಬಾಗಿದ ಕಡೆ ಬಾಗುತ್ತದೆ, ವರ್ಷಗಟ್ಟಲೆ ಅಳತೆ ಬಿಡುವುದಿಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ. ಇನ್ನು ಕೀಳುವ ದಿನ ಬಂದಾಗ ಬಿಸಿಗಾಳಿ ಕೊಟ್ಟು ನಿಧಾನಕ್ಕೆ ಎಳೆಯಬೇಕು, ಉಳಿದ ಗೋಂದನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜಬೇಕು. ಆಗ ಒಂದು ಚೋದ್ಯ ಕಾಣಿಸುತ್ತದೆ. ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿರುತ್ತದೆ, ಸ್ಟಿಕ್ಕರಿನ ಅಡಿಯ ಬಣ್ಣ ಶೋರೂಮಿನಿಂದ ಬಂದ ದಿನದಂತೆ ಉಳಿದಿರುತ್ತದೆ. ಹೆಸರು ಕಿತ್ತರೂ ಹೆಸರು ಹೋಗಿರುವುದಿಲ್ಲ. ಹಳೆ ಗಾಡಿ ಕೊಳ್ಳಲು ಹೋದಾಗ ಅಡ್ಡ ಬೆಳಕಿನಲ್ಲಿ ಬಾಗಿಲನ್ನು ನೋಡಿ. ಹಿಂದಿನ ಯಜಮಾನನ ಆಸೆಗಳನ್ನು ಪೂರ್ತಿ ಓದಬಹುದು.

ಆಸೆ ಎಂದೆ. ಅದು ಸರಿಯಾದ ಮಾತು. 2001ರಲ್ಲಿ ಫಾಸ್ಟ್ ಆ್ಯಂಡ್ ಫ್ಯೂರಿಯಸ್ ಸಿನಿಮಾ ಬಂತು. ಕಿತ್ತಳೆ ಬಣ್ಣದ ಸುಪ್ರಾ, ಹಸಿರು ಎಕ್ಲಿಪ್ಸ್, ಬಾಗಿಲ ತುಂಬ ಚಿತ್ರ, ಚಿತ್ರದ ಕೆಳಗೆ ಕಂಪನಿಗಳ ಹೆಸರು. 2003ರಲ್ಲಿ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ ಆಟ ಬಂತು. ಅದರಲ್ಲಿ ಗಾಡಿಗೆ ಸ್ಟಿಕ್ಕರು ಅಂಟಿಸುವುದೂ ಆಟದ ಭಾಗವೇ, ಚೆನ್ನಾಗಿ ಸಿಂಗರಿಸಿದರೆ ಗಾಡಿಯ ಮರ್ಯಾದೆ ಏರುತ್ತಿತ್ತು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಸೈಬರ್ ಕೆಫೆಗಳಲ್ಲಿ ಕೂತು ಅದನ್ನು ಆಡಿದ ಹುಡುಗರು ಮುಂದೆ ಕೆಲಸಕ್ಕೆ ಸೇರಿದರು, ಸಾಲ ಮಾಡಿ ಗಾಡಿ ಕೊಂಡರು. ಒಳ್ಳೆಯ ಬ್ರೇಕ್ ಕಿಟ್ಟಿಗೆ ಲಕ್ಷಗಟ್ಟಲೆ ಬೇಕು. ಬ್ರೇಕಿನ ಹೆಸರಿಗೆ ಕೆಲವು ನೂರು ರೂಪಾಯಿ ಸಾಕು. ಸಂಬಳದಲ್ಲಿ ಮನೆಗೂ ಕಳಿಸಿ, ಇಎಂಐ ಕಟ್ಟಿ, ಉಳಿದದ್ದರಲ್ಲಿ ಆ ಹೆಸರನ್ನು ತಂದು ಭಾನುವಾರ ಬೆಳಗ್ಗೆ ಗಾಡಿ ತೊಳೆದು ಅಂಟಿಸಿಕೊಳ್ಳುವ ಹುಡುಗನನ್ನು ಹೀಯಾಳಿಸುವವರ ಜೊತೆ ನಾನು ಸೇರುವುದಿಲ್ಲ. ಒಂದು ಸ್ಟಿಕ್ಕರಿಗೆ ಐದು ಕುದುರೆಬಲ ಎಂದು ಗಾಡಿ ಹುಚ್ಚಿನವರು ಲೋಕವಿಡೀ ಆಡಿಕೊಳ್ಳುತ್ತಾರೆ. ಆ ಮಾತು ನನಗೆ ರುಚಿಸುವುದಿಲ್ಲ. ಅವನಿಗೆ ಗಾಡಿಯ ಮೇಲೆ ಪ್ರೀತಿ ಇದೆ, ಆ ಪ್ರೀತಿ ಯಾವ ದಿಕ್ಕಿಗೆ ಹೊರಟಿದೆ ಎಂದು ಆ ಹೆಸರು ಹೇಳುತ್ತದೆ. ಇಂದು ಬಿಲ್‌ಸ್ಟೈನ್ ಎಂದು ಅಂಟಿಸಿದವನು ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆ, ಗ್ಯಾಸು ಹೇಗೆ ಕೆಲಸ ಮಾಡುತ್ತವೆ ಎಂದು ನಾಳೆ ಓದುತ್ತಾನೆ. ಹಾಗೆ ಓದುತ್ತಾ ಹೋಗಿ ಒಳ್ಳೆಯ ಎಂಜಿನಿಯರುಗಳಾದವರನ್ನು ನೋಡಿದ್ದೇನೆ.

ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಅಂಟಿಸಬಹುದೇ? ಇಲ್ಲ. ನನಗೆ ತೋರುವುದು ಹೀಗೆ. ಆಟೋದ ಹಿಂದೆ ಶಂಕರನಾಗ್ ಚಿತ್ರ ಇದ್ದರೆ ಆಟೋವನ್ನು ಶಂಕರನಾಗ್ ಓಡಿಸುತ್ತಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ. ಅದು ಅಭಿಮಾನ. ಅಭಿಮಾನಕ್ಕೆ ಪುರಾವೆ ಬೇಕಾಗಿಲ್ಲ. ಗಾಡಿಯ ಹಿಂಗಾಜು, ಡಿಕ್ಕಿಯ ಬಾಗಿಲು, ಇವು ಅಭಿಮಾನದ ಜಾಗಗಳು. ಅಲ್ಲಿ ಬ್ರೆಂಬೊ ಎಂದು ಬರೆದರೆ, ನನಗೆ ಬ್ರೆಂಬೊ ಇಷ್ಟ ಎಂದರ್ಥ. ಅದೇ ಹೆಸರನ್ನು ಚಕ್ರದ ಕಡ್ಡಿಗಳ ನಡುವೆ ಕಾಣುವ ಬ್ರೇಕಿನ ಕ್ಯಾಲಿಪರಿನ ಮೇಲೆಯೇ ಬರೆದರೆ ಅರ್ಥ ಬೇರೆಯಾಗುತ್ತದೆ. ಅದು ಸಾಕ್ಷಿ ಹೇಳುವ ಜಾಗ. ಅಲ್ಲಿ ನಿಂತ ಹೆಸರು, ಈ ಬ್ರೇಕನ್ನು 1961ರಲ್ಲಿ ಇಟಲಿಯ ಬೆರ್ಗಾಮೊ ಸೀಮೆಯಲ್ಲಿ ಹುಟ್ಟಿದ, 1975ರಿಂದ ಫೆರಾರಿಯ ರೇಸು ಕಾರುಗಳಿಗೆ ಬ್ರೇಕು ಕೊಟ್ಟ ಕಂಪನಿ ಮಾಡಿದೆ ಎಂದು ಹೇಳುತ್ತದೆ. ಮುಂಚಕ್ರದ ಹಿಂದಿನ ಗೇಣಗಲದ ತಗಡೂ, ನಾನು ಮೇಲೆ ಹೇಳಿದ ಕರಾರಿನ ಕಾರಣಕ್ಕೆ, ಸಾಕ್ಷಿಯ ಜಾಗವೇ. ಅಲ್ಲಿ ವಸ್ತುವಿಲ್ಲದ ಹೆಸರು ಅಂಟಿಸಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೆಂಪು ಪ್ಲಾಸ್ಟಿಕ್ಕಿನ ಒಂದು ಕವರು ಮಾರುಕಟ್ಟೆಯಲ್ಲಿ ಸಿಗುತ್ತದೆ. ದೊಡ್ಡ ಕ್ಯಾಲಿಪರಿನ ಆಕಾರ, ಮೇಲೆ ಬ್ರೆಂಬೊ ಎಂಬ ಅಕ್ಷರ. ಅದನ್ನು ಸಾಧಾರಣ ಬ್ರೇಕಿನ ಮೇಲೆ ತಂತಿ ಬಿಗಿದೋ ಗೋಂದು ಹಚ್ಚಿಯೋ ಕೂರಿಸುತ್ತಾರೆ. ಹಿಂದಿನ ಚಕ್ರದ ಡ್ರಮ್ ಬ್ರೇಕಿನ ಮೇಲೂ ಕೂರಿಸುತ್ತಾರೆ. ಬ್ರೇಕು ಅಂದರೆ ಓಟವನ್ನು ಶಾಖ ಮಾಡಿ ಗಾಳಿಗೆ ಬಿಡುವ ಯಂತ್ರ. ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ಬ್ರೇಕಿಗೆ ಬೇಕಾಗಿರುವುದೇ ಗಾಳಿ. ಅದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುವುದು, ಆ ಹೊದಿಕೆ ಸಡಿಲವಾಗಿ ಚಕ್ರಕ್ಕೆ ತಾಗುವುದು, ಎರಡೂ ಅಪಾಯ. ಇನ್ನು ಮಾರುತಿ 800ರ ಹಿಂದೆ 16ವಿ ಎಂದು ಅಂಟಿಸಿದ್ದನ್ನು ಕಂಡಾಗ ನನಗೆ ಬೇಸರವಾಗುತ್ತದೆ. 1983ರ ಡಿಸೆಂಬರಿನಲ್ಲಿ ಬಂದು ಈ ದೇಶಕ್ಕೆ ಕಾರು ಓಡಿಸುವುದನ್ನು ಕಲಿಸಿದ ಗಾಡಿ ಅದು. 796 ಸಿಸಿ, ಮೂರು ಸಿಲಿಂಡರು. ಮೂರು ಸಿಲಿಂಡರಿಗೆ ಹದಿನಾರು ವಾಲ್ವುಗಳನ್ನು ಸಮವಾಗಿ ಹಂಚಲು ಬರುವುದೇ ಇಲ್ಲ. ಅಷ್ಟು ಒಳ್ಳೆಯ ಪುಟ್ಟ ಎಂಜಿನ್ನಿಗೆ ಇನ್ನೊಂದರ ಹೆಸರು ಏಕೆ? 796 ಎಂದೇ ದೊಡ್ಡದಾಗಿ ಬರೆಸಿ, ಅದಕ್ಕೂ ಒಂದು ಗತ್ತು ಇದೆ.

ಆದರೆ ಇವೆಲ್ಲಕ್ಕಿಂತ ನನ್ನನ್ನು ಕಂಗೆಡಿಸುವ ಸ್ಟಿಕ್ಕರುಗಳು ಕಂಪನಿಯವಲ್ಲ. ಅದನ್ನು ಹೇಳುವುದಕ್ಕೆ ಚಿಕ್ಕಮಗಳೂರಿಗೆ ಹೋಗಬೇಕು. ಏಷ್ಯಾ–ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ಅಲ್ಲಿನ ಕಾಫಿ ತೋಟಗಳ ನಡುವೆ ನಡೆದ ವರ್ಷಗಳಲ್ಲಿ ತೋಟದ ದರೆಯ ಮೇಲೆ ಕೂತು ನೋಡಿದ್ದೇನೆ. ಮೊದಲು ಸದ್ದು ಬರುತ್ತದೆ, ಆಮೇಲೆ ಕೆಂಪು ಧೂಳು, ಆಮೇಲೆ ಗಾಡಿ. ಎಂಆರ್‌ಎಫ್ ತಂಡದ ಸ್ಕೋಡಾ ಫೇಬಿಯಾದಲ್ಲಿ ಗೌರವ್ ಗಿಲ್ ಹಾದುಹೋದರೆ ಕಾಫಿಗಿಡದ ಎಲೆಗಳ ಮೇಲೆ ಜಲ್ಲಿ ಮಳೆ ಸುರಿದಂತೆ ಸದ್ದಾಗುತ್ತಿತ್ತು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು ಅವರು. ಹಾದುಹೋಗುವಾಗ ಏನೂ ಓದಲಾಗುವುದಿಲ್ಲ. ಸರ್ವಿಸ್ ಪಾರ್ಕಿನಲ್ಲಿ ಗಾಡಿ ನಿಂತಾಗ ಹತ್ತಿರ ಹೋದರೆ ಪ್ರತಿಯೊಂದು ಸ್ಟಿಕ್ಕರಿಗೂ ಒಂದು ಕೆಲಸ ಇರುವುದು ಗೊತ್ತಾಗುತ್ತದೆ. ಬಾಗಿಲಿನ ಫಲಕ ಸಂಘಟಕರದು, ಅದರ ಅಳತೆ, ಜಾಗ ಎಲ್ಲ ನಿಯಮದಲ್ಲಿ ಬರೆದಿರುತ್ತದೆ. ಸಂಘಟಕರ ಐಚ್ಛಿಕ ಜಾಹೀರಾತನ್ನು ಅಂಟಿಸಲು ಒಪ್ಪದಿದ್ದರೆ ಹೆಚ್ಚು ಪ್ರವೇಶ ಶುಲ್ಕ ಕಟ್ಟಬೇಕು. ಹಿಂಬದಿಯ ಪಕ್ಕದ ಗಾಜಿನಲ್ಲಿ ಚಾಲಕನ ಹೆಸರು, ನಾವಿಗೇಟರಿನ ಹೆಸರು, ದೇಶದ ಬಾವುಟ. ಹೆಸರಿನ ಪಕ್ಕದಲ್ಲಿ ರಕ್ತದ ಗುಂಪು ಬರೆದಿರುವುದೂ ಉಂಟು.

ಇನ್ನೂ ಸಣ್ಣವು ಕೆಲವು. ಬಿಳಿ ಅಂಚಿನ ನೀಲಿ ತ್ರಿಕೋನ, ಪಾದ ಕನಿಷ್ಠ 12 ಸೆಂಟಿಮೀಟರು, ಒಳಗೆ ಕೆಂಪು ಮಿಂಚು. ಇದರ ಪಕ್ಕದ ಸ್ವಿಚ್ಚನ್ನು ಎಳೆದರೆ ಇಡೀ ಗಾಡಿಯ ಕರೆಂಟು ಕಟ್ಟಾಗುತ್ತದೆ ಎಂದರ್ಥ. ಕೆಂಪು ಅಂಚಿನ ಬಿಳಿ ವೃತ್ತ, ಅಡ್ಡಳತೆ ಕನಿಷ್ಠ 10 ಸೆಂಟಿಮೀಟರು, ಒಳಗೆ ಇಂಗ್ಲಿಷಿನ ಇ ಅಕ್ಷರ. ಇದರ ಪಕ್ಕದ ಹಿಡಿಯನ್ನು ಎಳೆದರೆ ಬೆಂಕಿ ಆರಿಸುವ ಸಿಲಿಂಡರು ಚಿಮ್ಮುತ್ತದೆ. ಬಂಪರಿನ ಮೇಲಿನ ಬಾಣದ ಗುರುತು ಎಳೆಯುವ ಕೊಕ್ಕೆಯನ್ನು ತೋರಿಸುತ್ತದೆ. ಗಾಡಿ ಮಗುಚಿ ಬಿದ್ದಾಗ, ಹೊಗೆ ಏಳುತ್ತಿರುವಾಗ, ಭಾಷೆ ಗೊತ್ತಿಲ್ಲದ ಊರಿನ ಮನುಷ್ಯ ಓಡಿ ಬಂದರೂ ಕಣ್ಣಿಗೆ ಬಿದ್ದ ಕೂಡಲೇ ಕೈ ಹಾಕುವಂತಿರಬೇಕು, ಅದಕ್ಕೆ ಇಷ್ಟು ಕಟ್ಟುನಿಟ್ಟು. ಇವೇ ಗುರುತುಗಳನ್ನು ನಮ್ಮ ರಸ್ತೆಗಳಲ್ಲಿ ಚಂದಕ್ಕೆ ಅಂಟಿಸಿಕೊಂಡ ಗಾಡಿಗಳನ್ನು ಕಾಣುತ್ತೇವೆ. ಮಿಂಚಿನ ಗುರುತಿನ ಪಕ್ಕ ಸ್ವಿಚ್ಚಿಲ್ಲ. ಬಾಣದ ತುದಿಯಲ್ಲಿ ಕೊಕ್ಕೆ ಇಲ್ಲ. ನಾಳೆ ಹೆದ್ದಾರಿಯಲ್ಲಿ ಅವಘಡವಾಗಿ, ಒಬ್ಬ ಪುಣ್ಯಾತ್ಮ ಲಾರಿ ನಿಲ್ಲಿಸಿ ಓಡಿಬಂದು ಆ ಬಾಣದ ಕಡೆ ಹಗ್ಗ ಹಿಡಿದು ತಡಕಾಡಿದರೆ ಹೋದ ಗಳಿಗೆ ಮರಳಿ ಬರುತ್ತದೆಯೇ? ಬೇರೆ ಯಾವ ಸ್ಟಿಕ್ಕರನ್ನಾದರೂ ಅಂಟಿಸಿ, ಇವನ್ನು ಮಾತ್ರ ದಯವಿಟ್ಟು ಅಂಟಿಸಬೇಡಿ. ಅಂಟಿಸಿದ್ದರೆ ಇವತ್ತೇ ಕೀಳಿ.

ಕಾನೂನಿನ ಮಾತು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲೇ ತಡೆಯಿತು. ಗಾಡಿ ತಯಾರಾದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಹೇಳಿತು. ಇಡೀ ಗಾಡಿಯ ಬಣ್ಣ ಬದಲಾಗುವಂತೆ ಹಾಳೆ ಸುತ್ತಿಸುವುದಾದರೆ ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ನಂಬರ್ ಪ್ಲೇಟಿನ ಮೇಲೆ ಏನನ್ನೂ ಅಂಟಿಸಬಾರದು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಕಳೆದ ದಶಕದಲ್ಲಿ ನಮ್ಮ ಗಾಡಿಗಳ ಹಿಂಗಾಜಿನ ಮೇಲೆ ಅತಿ ಹೆಚ್ಚು ಕಾಣಿಸಿದ ಚಿತ್ರಗಳಲ್ಲಿ ಒಂದು, ಹುಬ್ಬು ಗಂಟಿಕ್ಕಿ ದಿಟ್ಟಿಸುವ ಕೇಸರಿ–ಕಪ್ಪಿನ ಹನುಮಂತನ ಮುಖ. ಅದನ್ನು ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ತಮ್ಮೂರಿನ ಹುಡುಗರು ಗಣೇಶ ಹಬ್ಬಕ್ಕೆ ಬಾವುಟಕ್ಕೊಂದು ಚಿತ್ರ ಕೇಳಿದರೆಂದು ಬರೆದುಕೊಟ್ಟರು. ಅಲ್ಲಿಂದ ಅದು ಬೆಂಗಳೂರಿಗೆ ಬಂತು, ದೇಶವಿಡೀ ಹೋಯಿತು. ಲಕ್ಷೋಪಲಕ್ಷ ಗಾಜುಗಳ ಮೇಲೆ ಆ ಕಣ್ಣುಗಳಿವೆ. ಬರೆದ ಕೈಯ ಹೆಸರು ಯಾವ ಗಾಜಿನ ಮೇಲೂ ನಾನು ಕಂಡಿಲ್ಲ. ಸಚಿನ್ನರ ಬ್ಯಾಟಿನ ಕಥೆಯೂ ಇದೇ ಅಲ್ಲವೇ?

ಗಾಡಿಯ ಲೋಕದಲ್ಲಿ ಮಾಡಿದವನ ಹೆಸರಿಗೆ ಜಾಗ ಕೊಟ್ಟ ಉದಾಹರಣೆಗಳು ಇಲ್ಲದಿಲ್ಲ. ನಾವು ಮರುಳಾಗಿ ಅಂಟಿಸಿಕೊಳ್ಳುವ ಎಷ್ಟೋ ಸ್ಟಿಕ್ಕರುಗಳೇ ಅದಕ್ಕೆ ಸಾಕ್ಷಿ. ಎಎಂಜಿ ಎಂಬ ಮೂರಕ್ಷರವನ್ನು ನೋಡಿ. ಮರ್ಸಿಡಿಸ್ ಬಿಟ್ಟು ಬೇರೆ ಯಾವ್ಯಾವುದೋ ಗಾಡಿಗಳ ಮೇಲೂ ಅದು ಕಾಣುತ್ತದೆ. 1967ರಲ್ಲಿ ಹಾನ್ಸ್ ವರ್ನರ್ ಆಫ್ರೆಕ್ಟ್, ಎರ್ಹಾರ್ಡ್ ಮೆಲ್ಷರ್ ಎಂಬ ಇಬ್ಬರು ಎಂಜಿನಿಯರುಗಳು ಜರ್ಮನಿಯ ಒಂದು ಹಳೆಯ ಗಿರಣಿಯಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಶುರು ಮಾಡಿದರು. ಎ ಒಬ್ಬರು, ಎಂ ಇನ್ನೊಬ್ಬರು. ಜಿ ಎನ್ನುವುದು ಆಫ್ರೆಕ್ಟ್ ಹುಟ್ಟಿದ ಗ್ರೋಸಾಸ್ಪಾಕ್ ಎಂಬ ಊರು. 1971ರಲ್ಲಿ ಬೆಲ್ಜಿಯಮ್ಮಿನ ಸ್ಪಾ 24 ಗಂಟೆಗಳ ರೇಸಿನಲ್ಲಿ ಅವರು ಕಟ್ಟಿದ ಕೆಂಪು ಬಣ್ಣದ ಭಾರೀ ಸೆಡಾನ್ ಎರಡನೆಯ ಸ್ಥಾನಕ್ಕೆ ಬಂದು ಎಲ್ಲರನ್ನೂ ಬೆರಗಾಗಿಸಿತು. ಇಬ್ಬರು ಕೆಲಸಗಾರರು, ಒಂದು ಊರು. ಇಂದಿಗೂ ಎಎಂಜಿಯವರು ಕೈಯಲ್ಲಿ ಕಟ್ಟಿದ ಎಂಜಿನ್ನುಗಳ ಮೇಲೆ ಅದನ್ನು ಕಟ್ಟಿದವನ ಸಹಿಯ ಫಲಕ ಇರುತ್ತದೆ. ಮಿನಿ ಕೂಪರ್ 1961ರಲ್ಲಿ ಬಂದಾಗ ಜಾನ್ ಕೂಪರ್ ಅವರ ಹೆಸರನ್ನೇ ಹೊತ್ತು ಬಂತು. 1959, 1960ರಲ್ಲಿ ಫಾರ್ಮುಲಾ ಒನ್ ಗೆದ್ದ ಕಾರುಗಳನ್ನು ಕಟ್ಟಿದ ಮನುಷ್ಯ ಅವರು. ಚೇಳಿನ ಲಾಂಛನದ ಅಬಾರ್ಥ್ ಕೂಡ ಕಾರ್ಲೊ ಅಬಾರ್ಥ್ ಎಂಬ ಮನುಷ್ಯನ ಹೆಸರು. ಅವರು ಹುಟ್ಟಿದ್ದು ವೃಶ್ಚಿಕ ರಾಶಿಯಲ್ಲಿ.

ನಮ್ಮ ನೆರೆಯ ಕೊಯಮತ್ತೂರಿಗೂ ಇಂಥ ಪರಂಪರೆ ಇದೆ. ಎಸ್. ಕರಿವರ್ಧನ್ ಅಲ್ಲಿ ಕೂತು ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಒಂದೇ ಸೀಟಿನ ರೇಸು ಕಾರನ್ನು 1988ರಲ್ಲಿ ಕಟ್ಟಿ ತಂದರು. ಅಂದಿನ ಹುಡುಗರಿಗೆ ನಿಜವಾದ ರೇಸು ಕಾರು ಕೈಗೆಟುಕಿತು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಊರ ಹೊರಗಿನ ರೇಸು ಟ್ರ್ಯಾಕಿಗೆ ಅವರ ಹೆಸರಿದೆ. 2018ರಲ್ಲಿ ಟಾಟಾದವರು ಟಿಯಾಗೊ, ಟಿಗೋರ್ ಗಾಡಿಗಳನ್ನು ಕೊಯಮತ್ತೂರಿನ ಜೇಯೆಮ್ ಸಂಸ್ಥೆಯ ಜೊತೆ ಸೇರಿ ಹುರಿಗೊಳಿಸಿ ಜೆಟಿಪಿ ಎಂಬ ಹೆಸರಿನಲ್ಲಿ ಮಾರಿದರು. ಆ ಹೆಸರಿನ ಮೊದಲ ಅಕ್ಷರ ಜೇಯೆಮ್‌ನದು. ದೊಡ್ಡ ಕಂಪನಿಯೊಂದು ಟ್ಯೂನ್ ಮಾಡಿದವರ ಹೆಸರನ್ನು ತನ್ನ ಹೆಸರಿಗಿಂತ ಮುಂದೆ ಇಟ್ಟಿದ್ದು ನನಗೆ ತುಂಬ ಹಿಡಿಸಿದ ಸಂಗತಿ. ಆ ಗಾಡಿಗಳು ಹೆಚ್ಚು ಕಾಲ ನಿಲ್ಲಲಿಲ್ಲ, ಅದು ಬೇರೆ ಮಾತು.

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿನಲ್ಲಿ ನಾವೆಲ್ಲ ಭಾಯ್ ಎಂದೇ ಕರೆಯುವ ಮೆಕ್ಯಾನಿಕ್ ಇದ್ದಾರೆ. ನನ್ನ ಝೆನ್ನಿನ ಸಿಲಿಂಡರ್ ಹೆಡ್ ಬಿಚ್ಚಿಸಿದಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಗಾಳಿ ಒಳಗೆ ಹೋಗುವ ಪೋರ್ಟಿನ ಬಾಯಿಗೆ ಗ್ಯಾಸ್ಕೆಟ್ ಇಟ್ಟು, ಸೂಜಿಯಿಂದ ಅಂಚಿನ ಸುತ್ತ ಗೆರೆ ಗೀಚಿದರು. ಎರಕ ಹೊಯ್ದಾಗ ಉಳಿದ ಉಬ್ಬು, ಜೋಡಣೆಯಲ್ಲಿ ಉಳಿದ ಮೆಟ್ಟಿಲು ಆ ಗೆರೆಯೊಳಗೆ ಎದ್ದು ಕಂಡವು. ಗ್ರೈಂಡರಿನ ಸಣ್ಣ ಕಲ್ಲಿನಿಂದ ಒಂದು ಚೂರು ತೆಗೆಯುವುದು, ನಿಲ್ಲಿಸುವುದು, ಕಣ್ಣು ಮುಚ್ಚಿ ತೋರುಬೆರಳನ್ನು ಒಳಗೆ ಆಡಿಸುವುದು, ಮತ್ತೆ ಒಂದು ಚೂರು ತೆಗೆಯುವುದು. ಆಮೇಲೆ ಕಡ್ಡಿಗೆ ಎಮರಿ ಪೇಪರು ಸುತ್ತಿ ಉಜ್ಜುವುದು. ಹೊಗೆ ಹೊರಹೋಗುವ ಪೋರ್ಟನ್ನು ಫಳಫಳ ಹೊಳೆಯುವಂತೆ ಮಾಡಿದರು. ಒಳಹೋಗುವುದನ್ನು ಸ್ವಲ್ಪ ಒರಟಾಗಿಯೇ ಬಿಟ್ಟರು. ಏಕೆ ಭಾಯ್ ಎಂದೆ.

“ಇನ್‌ಟೇಕು ಕನ್ನಡಿ ಆಗ್ಬಾರ್ದು ಸಾರ್. ಕನ್ನಡಿ ಆದ್ರೆ ಪೆಟ್ರೋಲು ಹನಿ ಕಟ್ಕೊಂಡು ಗೋಡೆಗೇ ಅಂಟ್ಕೊಳುತ್ತೆ. ಸ್ವಲ್ಪ ತರಿತರಿ ಇದ್ರೆ ಗಾಳಿ ಜೊತೆ ಬೆರೀತದೆ.”

ಗಾಡಿ ಕೂಡಿಸಿ ಹೊಸೂರು ರಸ್ತೆಯಲ್ಲಿ ಓಡಿಸಿದಾಗ ಮೂರನೇ ಗೇರಿನಲ್ಲಿ ಅದು ಎಳೆದ ಬಗೆಯನ್ನು ನಾನು ಮಾತಿನಲ್ಲಿ ಹೇಳಲಾರೆ. ಆ ಕೆಲಸಕ್ಕೆ ಯಾವ ಕಂಪನಿಯ ಸ್ಟಿಕ್ಕರೂ ಇಲ್ಲ. ಒಂದು ಬೆರಳಿನ ತುದಿಗೆ ಗೊತ್ತಿದ್ದ ವಿದ್ಯೆ ಅದು. ನಿಮ್ಮ ಹೆಸರನ್ನು ಮುಂಚಕ್ರದ ಹಿಂದೆ ಅಂಟಿಸುತ್ತೇನೆ ಎಂದು ಹೇಳಿದೆ. ಭಾಯ್ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

“ಒಳಗಡೆ ಹಾಕಿ ಸಾರ್, ಬಾನೆಟ್ ಒಳಗಡೆ. ನಾಳೆ ಇನ್ನೊಬ್ಬ ಮೆಕ್ಯಾನಿಕ್ ತೆಗೆದು ನೋಡಿದ್ರೆ, ಇದ್ರಲ್ಲಿ ಯಾರ ಕೈ ಆಡಿದೆ ಅಂತ ಅವನಿಗೆ ಗೊತ್ತಾಗ್ಲಿ. ಏನಾದ್ರೂ ಡೌಟ್ ಬಂದ್ರೆ ಬಂದು ಕೇಳ್ತಾನೆ.”

ಹಾಗೆಯೇ ಮಾಡಿದೆ. ಎಂಜಿನ್ನಿನ ಬಿಸಿಗೆ ಸಾಮಾನ್ಯ ರೇಡಿಯಂ ತಾಳುವುದಿಲ್ಲ, ಗೋಂದು ಕರಗಿ ಜಾರುತ್ತದೆ. ಅದಕ್ಕೆ ನೇಮ್‌ಪ್ಲೇಟ್ ಕೆತ್ತುವವರ ಹತ್ತಿರ ಬೆರಳಗಲದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅವರ ಹೆಸರು, ಗ್ಯಾರೇಜಿನ ಬೀದಿ, ಕೆಲಸ ಮುಗಿದ ತಿಂಗಳು, ವರ್ಷ ಕೆತ್ತಿಸಿ ಬಾನೆಟ್ಟಿನ ಒಳಮೈಗೆ ಎರಡು ರಿವೆಟ್ಟು ಹೊಡೆಸಿದೆ.

ಗಾಡಿ ಆಲ್ಟರ್ ಮಾಡಿಸುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಬ್ರೆಂಬೊ ಹಾಕಿಸಿದ್ದರೆ ಬ್ರೆಂಬೊ ಎಂದು ಧಾರಾಳವಾಗಿ ಅಂಟಿಸಿ, ಅದು ನಿಮ್ಮ ದುಡಿಮೆಯ ಫಲ. ಅದರ ಜೊತೆಗೆ, ಆ ಬ್ರೇಕನ್ನು ಅಳತೆ ನೋಡಿ ಕೂರಿಸಿದವರ, ಹೆಡ್ಡನ್ನು ಕೆತ್ತಿದವರ, ಸೈಲೆನ್ಸರನ್ನು ಬಾಗಿಸಿ ಬೆಸುಗೆ ಹಾಕಿದವರ ಹೆಸರನ್ನೂ ಅವರ ಒಪ್ಪಿಗೆ ಕೇಳಿ ಬರೆಸಿ. ಹೊರಗೆ ಬೇಡವೆಂದರೆ ಬಾನೆಟ್ಟಿನ ಒಳಗೆ ಇರಲಿ. ಊರಿನ ಹೆಸರನ್ನೂ ಸೇರಿಸಿ, ಕನ್ನಡದಲ್ಲಿ ಬರೆಸಿ.